ಮಳೆ ನಿಂತ ಮೇಲೆ ಏರುವ ಹೊಳೆ

ನಮ್ಮೂರನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ, ಆದರೆ ಇಳಿದಿರುವುದಿಲ್ಲ. ಬೆಂಗಳೂರಿನಿಂದ ಪುಣೆಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ನಿಪ್ಪಾಣಿ ದಾಟಿ ಸ್ವಲ್ಪ ಹೊತ್ತಿಗೆ ಒಂದು ಟೋಲ್ ನಾಕಾ ಬರುತ್ತಲ್ಲ, ಬಸ್ಸು ಗಕ್ಕನೆ ನಿಂತು ನಿಮ್ಮ ನಿದ್ದೆ ಕೆಡುತ್ತಲ್ಲ, ಅದೇ ಕೊಗನೊಳ್ಳಿ. ಹೆದ್ದಾರಿಯಲ್ಲಿ ಆ ಕಡೆ ಹೋಗುವವರಿಗೆ ಕರ್ನಾಟಕ ಮುಗಿಯುವ ಜಾಗ. 2021ರಲ್ಲಿ ಮಾತ್ರ ನಮ್ಮೂರಲ್ಲಿ ಬಹಳ ಜನ ಇಳಿದರು, ಆರ್‌ಟಿ-ಪಿಸಿಆರ್ ರಿಪೋರ್ಟ್ ತೋರಿಸಲಿಕ್ಕೆ :)

ಹೊಗೆಸೊಪ್ಪು, ಕಬ್ಬು, ಸೋಯಾ, ಲಾರಿ, ಢಾಬಾ. ಇಷ್ಟು ಬಿಟ್ಟರೆ ನಮ್ಮೂರಿನ ಬಗ್ಗೆ ಹೇಳಿಕೊಳ್ಳೋಕೆ ಹೆಚ್ಚೇನೂ ಇಲ್ಲ. ಸಮುದ್ರಕ್ಕೂ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇಲ್ಲ, ದಾರಿ ಇದೆ. ನಿಪ್ಪಾಣಿಯಿಂದ ಮುಧಾಳ ತಿಟ್ಟಾ, ರಾಧಾನಗರಿ, ದಾಜೀಪುರದ ಕಾಡು, ಆಮೇಲೆ ಫೋಂಡಾ ಘಾಟ್ ಇಳಿದರೆ ಕೊಂಕಣ. ಮಾಲವಣದ ಸಮುದ್ರ ನಮ್ಮ ಮನೆಯಿಂದ ನೂರೈವತ್ತು ಕಿ.ಮೀ. ಆಸುಪಾಸು. ಬೆಂಗಳೂರು ಅದರ ನಾಲ್ಕು ಪಟ್ಟು ದೂರ. ಆದರೂ ನಮ್ಮ ಅಪ್ಪ ಐವತ್ತೈದು ವರ್ಷ ಆಗುವವರೆಗೂ ಸಮುದ್ರ ನೋಡಿರಲಿಲ್ಲ. ಅಜ್ಜಿಯೂ ನೋಡಿರಲಿಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಒಂದು ಕಾರಣ ಇದೆ. ಪ್ರತಿ ವರ್ಷ ಮೇ ತಿಂಗಳಲ್ಲೋ ದೀಪಾವಳಿ ಹತ್ತಿರವೋ ಅರಬ್ಬೀ ಸಮುದ್ರದಲ್ಲಿ ಒಂದು ಸುಳಿ ಎದ್ದಾಗ ಆಫೀಸಿನಲ್ಲಿ ಯಾರಾದರೊಬ್ಬರು ಕೇಳೇ ಕೇಳ್ತಾರೆ, "ಗೋಕರ್ಣಕ್ಕೆ ಬುಕ್ ಮಾಡಿದೀನಿ, ಚಂಡಮಾರುತ ಆ ಕಡೆ ಹೋಯ್ತಂತಲ್ಲ, ಈಗ ಹೋಗಬಹುದು ತಾನೇ?" ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕೆ ನನಗೆ ಬರೋದಿಲ್ಲ. ಯಾಕೆಂದರೆ 2019ರಲ್ಲಿ ಇದೇ ಪ್ರಶ್ನೆ ನಮ್ಮ ಮನೆ ಪಡಸಾಲೆಯಲ್ಲಿ ಒಂದಿಡೀ ಸಂಜೆ ಚರ್ಚೆಯಾಗಿತ್ತು, ಚಕ್ಕುಲಿ ತಿಂದುಕೊಂಡು.

ಆ ವರ್ಷದ ಆಗಸ್ಟ್ ನಿಮಗೆ ನೆನಪಿರಬೇಕು. ಕೃಷ್ಣೆಯ ಕಡೆಯ ಎಲ್ಲ ಹೊಳೆಗಳೂ ಒಟ್ಟಿಗೆ ಏರಿದ ವರ್ಷ. ಯಮಗರ್ಣಿ ಹತ್ತಿರ ವೇದಗಂಗಾ ಹೆದ್ದಾರಿ ಮೇಲೆ ಬಂದಳು, ಅತ್ತ ಕೊಲ್ಲಾಪುರದ ಶಿರೋಲಿ ಹತ್ತಿರ ಪಂಚಗಂಗಾ ಬಂದಳು. ನಡುವೆ ಸಿಕ್ಕಿಕೊಂಡ ಲಾರಿಗಳು ನಮ್ಮೂರ ಹತ್ತಿರ ದಿನಗಟ್ಟಲೆ ಸಾಲು ನಿಂತವು. ದೂಧಗಂಗಾ ಹೊಳೆ ಕಡೆ ನಮ್ಮದು ಎರಡು ಎಕರೆ ಇದೆ. ಸೋಯಾ ಪೂರ್ತಿ ಹೋಯ್ತು. ಕಬ್ಬು ನಿಂತೇ ಇತ್ತು, ಆದರೆ ಸುಳಿ ಕೊಳೆತಿತ್ತು. ಕಬ್ಬು ನಿಂತು ಸಾಯೋದನ್ನ ನೋಡೋದು ಕಷ್ಟ, ಹಸಿರಾಗೇ ಕಾಣ್ತಿರುತ್ತೆ.

ನಾನು ಆಗಷ್ಟೇ, ಜುಲೈನಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಇಪ್ಪತ್ತೆರಡು ವಯಸ್ಸು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಸಿಕ್ಕಿದ ಮೊದಲ ನೌಕರಿ. ದಾರಿ ಬಂದ್ ಆಗಿದ್ದರಿಂದ ಊರಿಗೆ ಬರೋಕೂ ಆಗದೆ ಫೋನಿನಲ್ಲೇ ಎಲ್ಲ ಕೇಳಿಸಿಕೊಳ್ತಿದ್ದೆ. ಅಪ್ಪ ಬೆಳೆ ಬಗ್ಗೆ ಒಂದು ಮಾತೂ ಆಡಲಿಲ್ಲ, ನನ್ನ ಪಿಜಿಯಲ್ಲಿ ಊಟ ಹೇಗಿದೆ ಅಂತ ಮಾತ್ರ ಕೇಳೋರು. ಆಗಲೇ ತೀರ್ಮಾನ ಮಾಡಿದ್ದೆ, ದೀಪಾವಳಿಗೆ ಇವರನ್ನೆಲ್ಲ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ಎಲ್ಲಿಗೆ ಅಂತ ಕೇಳಿದ್ದಕ್ಕೆ ಅಜ್ಜಿ ಒಂದೇ ಉಸಿರಿಗೆ ಹೇಳಿದಳು, "ಸಿಂಧುದುರ್ಗಕ್ಕ. ನಾವಿ ಒಳಗ ಕುಂತು ಹೋಗೂದು."

ಗಡಿಯ ನಮ್ಮಂಥ ಊರುಗಳಲ್ಲಿ ಶಿವಾಜಿ ಮಹಾರಾಜರು ಎಲ್ಲರ ಮನೆ ಗೋಡೆ ಮೇಲೂ ಇರ್ತಾರೆ, ಮನೆಯಲ್ಲಿ ಕನ್ನಡ ಮಾತಾಡಲಿ, ಮರಾಠಿ ಮಾತಾಡಲಿ. ಮಾಲವಣದ ಎದುರು ಸಮುದ್ರದೊಳಗಿನ ಬಂಡೆ ಮೇಲೆ 1664ರಲ್ಲಿ ಅವರು ಕಟ್ಟಿಸೋಕೆ ಶುರು ಮಾಡಿದ ಕೋಟೆ ಅದು. ಒಳಗೆ ಅವರದೇ ಗುಡಿ ಇದೆ, ಸುತ್ತ ಉಪ್ಪು ನೀರಿದ್ದರೂ ಸಿಹಿ ನೀರಿನ ಬಾವಿಗಳಿವೆ. ಅಜ್ಜಿಗೆ ಆ ಬಾವಿ ನೀರು ಒಂದು ಗುಟುಕು ಕುಡಿಯಬೇಕಿತ್ತು. ಅಪ್ಪನಿಗೆ ದೋಣಿ ಹತ್ತಬೇಕಿತ್ತು (ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೊತ್ತಾಗ್ತಿತ್ತು). ತಾರ್ಕರ್ಲಿಯಲ್ಲಿ ಒಬ್ಬರ ಮನೆಯಲ್ಲಿ ಎರಡು ಕೋಣೆ ಹಿಡಿದೆ. ಅವರದೇ ದೋಣಿಯೂ ಇತ್ತು. ಬೆಳಗ್ಗೆ ಡಾಲ್ಫಿನ್ ತೋರಿಸಿ, ಮಧ್ಯಾಹ್ನ ಕೋಟೆಗೆ ಬಿಟ್ಟು ಕರೆತರೋದು ಅಂತ ಮಾತಾಯ್ತು. ಭಾವುಬೀಜದ ದಿನ, ಅಕ್ಟೋಬರ್ 29ಕ್ಕೆ ಹೊರಟು 31ಕ್ಕೆ ವಾಪಸ್. ಒಂದನೇ ತಾರೀಖು ನಮಗೆ ರಾಜ್ಯೋತ್ಸವ, ಗಡಿಯಲ್ಲಿ ಕೆಲವರಿಗೆ ಕರಾಳ ದಿನ. ಅವತ್ತು ಯಾವ ಗಾಡಿ ಎಲ್ಲಿ ನಿಲ್ಲುತ್ತೋ ಹೇಳೋಕಾಗಲ್ಲ. ನನಗೆ ಮೂರೇ ದಿನ ಹೆಚ್ಚಿನ ರಜೆ, ನವೆಂಬರ್‌ನಲ್ಲಿ ರಿಲೀಸ್ ಇತ್ತು. ದಿನ ಮುಂದಕ್ಕೆ ಹಾಕುವ ಮಾತೇ ಇರಲಿಲ್ಲ.

ಅಷ್ಟರಲ್ಲಿ ಕ್ಯಾರ್ ಬಂತು.

ಹೆಸರು ಬರ್ಮಾದವರು ಕೊಟ್ಟಿದ್ದು, ಅವರ ಭಾಷೆಯಲ್ಲಿ ಹುಲಿ ಅಂತ ಅರ್ಥ. ಧನತ್ರಯೋದಶಿ ದಿನ, ಅಂದರೆ 25ಕ್ಕೆ, ಅದು ರತ್ನಾಗಿರಿಯಿಂದ ಇನ್ನೂರು ಚಿಲ್ಲರೆ ಕಿ.ಮೀ. ದೂರದ ಸಮುದ್ರದಲ್ಲಿತ್ತು. ನಮ್ಮೂರಲ್ಲೂ ಮೋಡ ಕವಿದು ಮಳೆ. ಲಕ್ಷ್ಮೀಪೂಜೆಯ ದಿನ, 27ಕ್ಕೆ, ಅದು ಸೂಪರ್ ಸೈಕ್ಲೋನ್ ಆಯ್ತು. ಗಾಳಿ ಗಂಟೆಗೆ 240 ಕಿ.ಮೀ. ಅರಬ್ಬೀ ಸಮುದ್ರದಲ್ಲಿ 2007ರ ಗೋನು ಬಿಟ್ಟರೆ ಅಷ್ಟು ದೊಡ್ಡದು ಇನ್ನೊಂದು ಆಗಿರಲಿಲ್ಲ. ಆದರೆ ಒಂದು ಸಮಾಧಾನ, ಅದು ನಮ್ಮ ದಂಡೆಗೆ ಬೆನ್ನು ತಿರುಗಿಸಿ ಓಮನ್ ಕಡೆ ಹೊರಟಿತ್ತು. ಪಾಡ್ಯದ ದಿನ ನಮ್ಮೂರಲ್ಲಿ ಬಿಸಿಲು ಬಿತ್ತು. ಅವ್ವ ಬಾಗಿಲಲ್ಲಿ ಸಗಣಿಯ ಪಾಂಡವರನ್ನು ಕೂರಿಸಿ ಚೆಂಡು ಹೂ ಏರಿಸಿದ್ದಳು. ಸಂಜೆಗೆ ಚಿಕ್ಕೋಡಿಯಿಂದ ಅಕ್ಕ, ದಾಜಿ ತಮ್ಮ ಬೊಲೆರೊದಲ್ಲಿ ಬಂದಿಳಿದರು. ಚರ್ಚೆ ಶುರುವಾಯ್ತು.

ದಾಜಿಯದು ಸರಳ ಲೆಕ್ಕ. "ಅದು ಹೊಂಟಿದ್ದು ಅರಬಸ್ತಾನಕ್ಕ. ನಾವು ಹೊಂಟಿದ್ದು ಮಾಲವಣಕ್ಕ. ಮುಗಿಲ ನೋಡ, ಎಷ್ಟ ಸ್ವಚ್ಛ ಐತಿ. ಏನ್ ಹೆದರತೀಪಾ?" ಟಿವಿಯಲ್ಲೂ ಅದನ್ನೇ ಹೇಳ್ತಿದ್ದರು, ಮಹಾರಾಷ್ಟ್ರಕ್ಕೆ ಗಂಡಾಂತರ ತಪ್ಪಿತು ಅಂತ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಅದು ನೆಲದ ಮೇಲೆ ನಿಂತು ಹೇಳೋ ಮಾತು. ನಾವು ಹೋಗಬೇಕಾಗಿದ್ದು ನೀರಿನ ಮೇಲೆ.

ನನಗೂ ಆ ವ್ಯತ್ಯಾಸ ಮೊದಲೇ ಗೊತ್ತಿರಲಿಲ್ಲ ಅನ್ನಿ. ಹಿಂದಿನ ರಾತ್ರಿ ಮೊಬೈಲಿನಲ್ಲಿ ವಿಂಡಿ ಅನ್ನೋ ಆಪ್ ತೆಗೆದು ಕೂತಿದ್ದೆ. ನಮ್ಮ ಕೆಲಸದವರಿಗೆ ಒಂದು ಚಟ ಇರುತ್ತಲ್ಲ, ಮಾಡೆಲ್ ಸಿಕ್ಕರೆ ಎರಡನ್ನೂ ತೆಗೆದು ಹೋಲಿಸೋದು. ಅಮೆರಿಕದವರ ಲೆಕ್ಕ ಒಂದು, ಯುರೋಪಿನವರ ಲೆಕ್ಕ ಒಂದು. ಗಾಳಿಯ ಚಿತ್ರದಲ್ಲಿ ಕೊಂಕಣದ ದಂಡೆ ತಣ್ಣಗೆ ನೀಲಿ, ಎರಡರಲ್ಲೂ. ಸರಿ ಅಂತ ಮುಚ್ಚುವ ಹೊತ್ತಿಗೆ ಬೆರಳು ತಾಗಿ ಅಲೆಗಳ ಚಿತ್ರ ಬಂತು ನೋಡಿ, ಅದೇ ದಂಡೆ ಬೇರೆ ಬಣ್ಣ. ಗಾಳಿ ಇಲ್ಲದ ಕಡೆ ಅಲೆ ಯಾಕೆ? ಪಕ್ಕದಲ್ಲಿ ಇನ್ನೊಂದು ಅಂಕಿ ಇತ್ತು, ಸೆಕೆಂಡಿನಲ್ಲಿ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಹೊತ್ತು ಅದು. ಮಾಮೂಲಿ ದಿನ ಅದು ಆರೋ ಏಳೋ ಇರುತ್ತೆ. ಆವತ್ತು ಅದರ ಎರಡು ಪಟ್ಟು, ಹದಿನಾಲ್ಕರ ಹತ್ತಿರ.

ಓದುತ್ತ ಹೋದ ಹಾಗೆ ತಿಳೀತು. ಚಂಡಮಾರುತ ಸಮುದ್ರವನ್ನು ಕಡೆಯುವಾಗ ಎಲ್ಲ ಥರದ ಅಲೆಗಳೂ ಏಳುತ್ತವೆ. ಗಿಡ್ಡ ಅಲೆಗಳು ಅಲ್ಲಲ್ಲೇ ಸಾಯ್ತವೆ. ಉದ್ದನೆಯವು ಸಾಯೋದಿಲ್ಲ. ಹದಿನಾಲ್ಕು ಸೆಕೆಂಡಿನ ಅಲೆಗಳ ಗುಂಪು ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಹೋಗುತ್ತೆ. ಅಂದರೆ ದಿನಕ್ಕೆ ಸಾವಿರ ಕಿ.ಮೀ.ಗೆ ಸ್ವಲ್ಪ ಕಮ್ಮಿ. ಪಾಡ್ಯದ ದಿನ ಕ್ಯಾರ್ ಮುಂಬಯಿಯಿಂದಲೇ ಏಳೆಂಟು ನೂರು ಕಿ.ಮೀ. ಆಚೆ ಇತ್ತು. ಅದು ಇವತ್ತು ಅಲ್ಲಿ ಎಬ್ಬಿಸಿದ್ದು ನಾಳೆ ನಮ್ಮ ದಂಡೆಗೆ ಬಂದು ಬಡಿಯುತ್ತೆ, ಮೇಲೆ ಮುಗಿಲು ಎಷ್ಟೇ ಸ್ವಚ್ಛ ಇರಲಿ. ಸುಳಿವೇ ಕೊಡದೆ ಹೀಗೆ ದೂರದಿಂದ ಬರೋ ಅಲೆಗಳಿಗೆ ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಅಂತಾರೆ. ಕಳ್ಳ ಕಡಲು! ಹೈದರಾಬಾದಿನಲ್ಲಿ ಇನ್‌ಕಾಯಿಸ್ ಅಂತ ಕೇಂದ್ರ ಸರಕಾರದ ಒಂದು ಸಂಸ್ಥೆ ಇದೆ, ಎತ್ತರದ ಅಲೆಗಳ ಎಚ್ಚರಿಕೆ ಕೊಡೋದು ಅವರು. ಹವಾಮಾನ ಇಲಾಖೆಯ ಪ್ರಕಟಣೆಯಲ್ಲೂ ಮೀನುಗಾರರಿಗೆ ಅಂತ ಬೇರೆಯೇ ಭಾಗ ಇರುತ್ತೆ. ನಾವು ಅದು ನಮಗಲ್ಲ ಅಂತ ದಾಟಿಸಿಬಿಡ್ತೀವಿ. ದೋಣಿ ಹತ್ತೋರಿಗೆ ಬೇಕಾದದ್ದು ಅದೊಂದೇ.

(ಇನ್ನೊಂದು ಗೊತ್ತಾದದ್ದು, ಬಂದರುಗಳಲ್ಲಿ ಏರಿಸುವ ಎಚ್ಚರಿಕೆ ಸಂಕೇತಗಳು ಒಟ್ಟು ಹನ್ನೊಂದು. ಒಂದು, ಎರಡು ಅಂದರೆ ಅಪಾಯ ಇನ್ನೂ ದೂರ ಇದೆ. ಹತ್ತರವರೆಗೆ ಏರುತ್ತಾ ಹೋಗುತ್ತೆ. ಹನ್ನೊಂದು ಅಂದರೆ ಏನು ಗೊತ್ತಾ? ಎಚ್ಚರಿಕೆ ಕೊಡೋ ಕಚೇರಿಯ ಜೊತೆಗೇ ಸಂಪರ್ಕ ಕಡಿದುಹೋಗಿದೆ ಅಂತ. ನಮ್ಮ ಸರ್ವರ್‌ಗಳಿಗೂ ಇಂಥದೊಂದು ಇರಬೇಕಿತ್ತು.)

ಇದನ್ನೆಲ್ಲ ಪಡಸಾಲೆಯಲ್ಲಿ ಹೇಳಿದೆ. ಲ್ಯಾಪ್‌ಟಾಪ್ ತಿರುಗಿಸಿ ಚಿತ್ರ ತೋರಿಸಿದೆ. ದಾಜಿ ನಕ್ಕರು, "ಇಂಜಿನಿಯರ ಆಗಿ ಸಮುದ್ರದ ಜ್ಯೋತಿಷ್ಯ ಹೇಳಾಕ ಹತ್ತಿ." ಅಪ್ಪ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಎಲೆ ಅಡಿಕೆ ಮಡಚುತ್ತ ಕೇಳಿದರು.

"ಅಂದ್ರ, ಅಲ್ಲಿ ಆಗಿದ್ದು ಇಲ್ಲಿ ನಾಳಿಗೆ ಬರತೈತಿ ಅಂತೀ?"

"ಹೂಂ ಅಪ್ಪಾ."

"ಹಂಗಾದ್ರ ಇದು ಕಾಳಮ್ಮವಾಡಿ ಇದ್ದಂಗ."

ಅಷ್ಟೇ. ನಾನು ಎರಡು ಗಂಟೆ ಓದಿ ಅರ್ಧ ಗಂಟೆ ವಿವರಿಸಿದ್ದನ್ನು ಅವರು ಒಂದು ಊರಿನ ಹೆಸರಿನಲ್ಲಿ ಮುಗಿಸಿಬಿಟ್ಟರು. ಕಾಳಮ್ಮವಾಡಿ ಅಂದರೆ ಘಟ್ಟದ ಮೇಲೆ ದೂಧಗಂಗೆಗೆ ಕಟ್ಟಿರುವ ಅಣೆಕಟ್ಟು. ನಮ್ಮೂರಲ್ಲಿ ಮಳೆ ನಿಂತಿರುತ್ತೆ, ಬಿಸಿಲು ಬಿದ್ದಿರುತ್ತೆ, ಜನ ಬಟ್ಟೆ ಒಣಗಿಸ್ತಿರ್ತಾರೆ. ಆವಾಗಲೇ ಹೊಳೆ ಏರೋದು. ಮೇಲೆ ಬಿದ್ದ ನೀರು ಕೆಳಗೆ ಬರೋಕೆ ತನ್ನದೇ ಹೊತ್ತು ತಗೊಳ್ಳುತ್ತೆ. ಹೊಳೆ ದಂಡೆಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆಗಸ್ಟಿನಲ್ಲೂ ಹಾಗೇ ಆಗಿತ್ತು, ನಮ್ಮ ಕಬ್ಬು ಮುಳುಗಿದ ದಿನ ಊರಲ್ಲಿ ಮಳೆ ಕಮ್ಮಿ ಇತ್ತಂತೆ.

ದಾಜಿಯ ಬಾಯಿ ಅಲ್ಲಿಗೆ ಬಂದ್ ಆಯ್ತು. ಸಮುದ್ರದ ದೋಣಿ ಬೇಡ ಅನ್ನೋದು ಇತ್ಯರ್ಥ ಆದ ಹಾಗೇ. ಹಾಗಾದರೆ ಪ್ರವಾಸವೇ ರದ್ದೋ ಅಂತ ಮುಂದಿನ ಪ್ರಶ್ನೆ. ಇಲ್ಲಿ ಅಡ್ಡ ನಿಂತವಳು ಅವ್ವ. ಅವ್ವನಿಗೆ ಅಲೆಯ ಹೆದರಿಕೆ ಇರಲಿಲ್ಲ. ಮಧ್ಯಾಹ್ನ ಮರಾಠಿ ಚಾನೆಲ್ಲಿನಲ್ಲಿ ದೇವಬಾಗದ ಚಿತ್ರ ನೋಡಿದ್ದಳು. ತಾರ್ಕರ್ಲಿಯ ಮಗ್ಗುಲ ಊರು, ಒಂದು ಕಡೆ ಸಮುದ್ರ, ಒಂದು ಕಡೆ ಕರ್ಲಿ ನದಿ, ನಡುವೆ ಹಗ್ಗದ ಹಾಗೆ ಸಣ್ಣ ನೆಲ. ಅಲ್ಲಿ ಸಮುದ್ರದ ನೀರು ಮನೆಗಳತ್ತ ನುಗ್ಗಿತ್ತು.

"ಅವರ ಮನ್ಯಾಗ ನೀರ ಹೊಕ್ಕಾವು. ನಾವು ಮೀನ ತಿನ್ನಾಕ ಹೋಗೂದೇನು? ಆಗಸ್ಟನ್ಯಾಗ ನಮ್ಮನ್ನ ನೋಡಾಕ ಬಂದಿದ್ರಲ್ಲ, ಹಂಗ?"

ಯಾರೂ ಮಾತಾಡಲಿಲ್ಲ. ಆಗಸ್ಟಿನಲ್ಲಿ ನೀರು ನೋಡೋಕೆ ಅಂತಲೇ ಕಾರು ಮಾಡಿಕೊಂಡು ಬಂದವರಿದ್ದರು. ಮೊಬೈಲ್ ಹಿಡಿದು, ನೀರು ಹಿಂದೆ ಕಾಣೋ ಹಾಗೆ ನಿಂತು ಫೋಟೋ. ನಮ್ಮ ಕಾಕು ಕೆಸರಾದ ಟ್ರಂಕಿನಿಂದ ಮಗಳ ಮದುವೆ ಸೀರೆಗಳನ್ನು ತೆಗೆದು ಹಿಂಡುತ್ತಿದ್ದಾಗ ಒಬ್ಬ ಅದನ್ನೂ ವಿಡಿಯೋ ಮಾಡಿದನಂತೆ. ಅವ್ವ ಅದನ್ನು ಇವತ್ತಿಗೂ ಮರೆತಿಲ್ಲ.

ಅವ್ವನ ಪ್ರಶ್ನೆಗೆ ನನ್ನ ಆಪಿನಲ್ಲಿ ಉತ್ತರ ಇರಲಿಲ್ಲ. ನಾನು ಫೋನ್ ಹಚ್ಚಿದೆ, ತಾರ್ಕರ್ಲಿ ಮನೆಯವರಿಗೆ. ಅವರನ್ನು ನಾವೆಲ್ಲ ದಾದಾ ಅಂತೀವಿ. ಸ್ಪೀಕರ್ ಮೇಲೆ ಹಾಕಿದೆ. ನಮ್ಮ ನಿಪ್ಪಾಣಿ ಮರಾಠಿ, ಅವರ ಮಾಲವಣಿ, ಹೇಗೋ ಹೊಂದಿಕೊಳ್ತು. ದೋಣಿ ಬಿಡ್ತೀರಾ ಅಂತ ಕೇಳಿದ ಕೂಡಲೇ ಅವರು "ನಾಹೀ" ಅಂದರು, ಎರಡನೇ ಮಾತಿಲ್ಲ. ಅಲೆ ದೋಣಿಯನ್ನ ಮುಳುಗಿಸಿಬಿಡುತ್ತೆ ಅಂತಲ್ಲ, ನಾನು ಹುಟ್ಟಿದಾಗಿನಿಂದ ಇದೇ ನೀರಲ್ಲಿದ್ದೀನಿ, ಒಯ್ಯಬಲ್ಲೆ ಅಂದರು. ಆದರೆ ಕೋಟೆಗೆ ಹೋಗುವ ದಾರಿಯಲ್ಲಿ ನೀರಿನಡಿ ಬಂಡೆಗಳು. ಇಳಿಯುವ ಕಡೆ ದೋಣಿ ಒಮ್ಮೆ ಮೆಟ್ಟಿಲಿಗಿಂತ ಮೇಲೆ, ಒಮ್ಮೆ ಆಳಕ್ಕೆ. ನಿಮ್ಮ ಆಜಿ ಕಾಲು ಎತ್ತುವ ಹೊತ್ತಿಗೆ ದೋಣಿ ಕೆಳಗೆ ಹೋಗಿರುತ್ತೆ. ಅಷ್ಟು ಸಾಕು.

ಇಷ್ಟು ಕೇಳಿದ ಮೇಲೆ ನನಗೆ ನಾಚಿಕೆಯಾಗುವಷ್ಟು ಸಮಾಧಾನ ಆಯ್ತು. ಮೀಟರು, ಸೆಕೆಂಡು ಎಲ್ಲ ನೋಡಿದ್ದೆ, ಅಜ್ಜಿಯ ಮೊಣಕಾಲು ಯಾವ ಮಾಡೆಲ್ಲಿನಲ್ಲೂ ಇರಲಿಲ್ಲ.

ಆಮೇಲೆ ಅವ್ವನೇ ಫೋನ್ ತಗೊಂಡು ಕೇಳಿದಳು, ನಿಮ್ಮ ಮನೆಗೆ ನೀರು ಬಂದಿತ್ತಾ, ನಾವು ಬರೋದು ನಿಮಗೆ ತ್ರಾಸ ಆಗಲ್ವಾ ಅಂತ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದರು. ಮನೆಗೆ ಬಂದಿಲ್ಲ, ಅಂಗಳದ ತನಕ ಬಂದಿತ್ತು. ಮಾಡಿನ ಕೆಳಗಿಟ್ಟಿದ್ದ ಬಲೆ ಹೋಯ್ತು. ಮಳೆಗಾಲ ಮೂರು ತಿಂಗಳು ದೋಣಿ ಮೇಲೆಳೆದು ಕೂತಿದ್ದೆವು, ಸೆಪ್ಟೆಂಬರ್ ಪೂರ್ತಿ ಮಳೆ, ಈಗ ದೀಪಾವಳಿಯ ಹತ್ತು ದಿನವೇ ನಮ್ಮ ಸುಗ್ಗಿ, ಬೆಳಗ್ಗೆಯಿಂದ ಐದು ಜನ ಫೋನ್ ಮಾಡಿ ಬುಕಿಂಗ್ ರದ್ದು ಮಾಡಿದರು, ನೀವು ಆರನೆಯವರು ಅಂದುಕೊಂಡೆ. ದೋಣಿ ದುಡ್ಡು ವಾಪಸ್ ಕೊಡ್ತೀನಿ. ಬರೋದಾದರೆ ಕರ್ಲಿ ನದಿಯೊಳಗೆ ತಿರುಗಿಸ್ತೀನಿ, ಅಲ್ಲಿ ಅಲೆ ಇಲ್ಲ. "ಯೇವಾ" ಅಂದರು ಕೊನೆಗೆ. ಬನ್ನಿ ಅಂತ.

ಫೋನ್ ಇಟ್ಟ ಮೇಲೆ ಅಪ್ಪ ಅವ್ವನ ಕಡೆ ನೋಡಿ ಹೇಳಿದರು, "ಆಗಸ್ಟನ್ಯಾಗ ಫೋಟೋ ತೆಗ್ಯಾಕ ಬಂದವ್ರೂ ಇದ್ರು. ಲಾರಿಯವ್ರು ಎಂಟ ದಿನ ನಮ್ಮೂರ ಅಂಗಡ್ಯಾಗ ಚಾ ಕುಡದು, ಬಿಸ್ಕೀಟ ತಗೊಂಡು, ರೊಕ್ಕ ಕೊಟ್ಟು ಹೋದವ್ರೂ ಇದ್ರು. ಪಾಪ ಅಂತ ನಾವು ಮನ್ಯಾಗ ಕುಂತ್ರ ಅವನ ಬಲಿ ಬರತೈತೇನು?"

ಅವ್ವ ಒಳಗೆ ಹೋಗಿ ಡಬ್ಬಿಗೆ ಚಕ್ಕುಲಿ, ಕರಂಜಿ, ಶಂಕರಪಾಳಿ ತುಂಬತೊಡಗಿದಳು. ಅದು ಅವಳ ಒಪ್ಪಿಗೆ. ಆ ಡಬ್ಬಿ ನಮಗಲ್ಲ, ದಾದಾ ಮನೆಗೆ ಅಂತ ಆಮೇಲೆ ತಿಳೀತು.

ಅಜ್ಜಿ ಮಾತ್ರ ಸಿಟ್ಟಾಗಿದ್ದಳು. ಬೊಲೆರೊ ಹತ್ತುವಾಗಲೂ, "ಅಷ್ಟ ದೂರ ಹೋಗಿ ನಾವಿ ಹತ್ತಲಾರದ ಬರೂದು ಅಂದ್ರ..." ಅಂತ ಗೊಣಗುತ್ತಲೇ ಇದ್ದಳು. ಅವಳಿಗೆ ಆಗ ಎಪ್ಪತ್ತೆಂಟು. ಮುಂದಿನ ಸಲ ಹೋಗೋಣ ಅಜ್ಜಿ ಅಂದೆ. "ಮುಂದಿನ ಸಲ ನಿನಗ ಇರತೈತಿ," ಅಂದಳು.

ರಾಧಾನಗರಿ ದಾಟಿದ ಮೇಲೆ ದಾರಿಯುದ್ದಕ್ಕೂ ಭತ್ತ ಮಲಗಿತ್ತು. ಕೊಯ್ಲಿಗೆ ಬಂದ ಭತ್ತ, ಕ್ಯಾರ್ ತಂದ ಮಳೆಗೆ ನೆಲ ಕಚ್ಚಿ ಕೆಲವು ಕಡೆ ತೆನೆಯಲ್ಲೇ ಮೊಳಕೆ ಬಿಟ್ಟಿತ್ತು. ಅಪ್ಪ ಎರಡು ಕಡೆ ಗಾಡಿ ನಿಲ್ಲಿಸಿ ಇಳಿದು ನೋಡಿದರು. ಫೋಟೋ ತೆಗೆಯಬೇಡ ಅಂತ ನನಗೆ ಹೇಳಬೇಕಾಗಿ ಬರಲಿಲ್ಲ.

ಮಾಲವಣಕ್ಕೆ ಹೊತ್ತು ಮುಳುಗುವ ಮುಂಚೆ ಮುಟ್ಟಿದೆವು. ಮುಗಿಲಲ್ಲಿ ಮೋಡದ ತುಣುಕೂ ಇಲ್ಲ, ಗಾಳಿ ಇಲ್ಲ, ತೆಂಗಿನ ಗರಿ ಅಲುಗಾಡ್ತಿಲ್ಲ. ಆ ನಿಶ್ಶಬ್ದದಲ್ಲಿ ಸಮುದ್ರ ಒಂದೇ ಸಮ ಏರಿಳಿಯುತ್ತಿತ್ತು. ಸಿನಿಮಾದಲ್ಲಿ ನೋಡೋ ಹಾಗೆ ನೊರೆ ಚಿಮ್ಮಿಸಿ ಅಬ್ಬರಿಸೋದಲ್ಲ. ದೂರದಲ್ಲಿ ಒಂದು ಉದ್ದ ಗುಡ್ಡ ಎದ್ದ ಹಾಗೆ, ಅದು ನಿಧಾನ ಹತ್ತಿರ ಬಂದು, ಕೋಟೆಯ ಬುಡದ ಬಂಡೆಗೆ ತಾಗಿದಾಗ ಮಾತ್ರ ಢಂ ಅಂತ ಬಿಳಿ. ಆಮೇಲೆ ಮತ್ತೆ ಸುಮ್ಮನೆ. ನಾನು ಮನಸ್ಸಿನಲ್ಲೇ ಎಣಿಸಿದೆ, ಹದಿಮೂರು, ಹದಿನಾಲ್ಕು... ಮುಂದಿನದು. ಅಪ್ಪ ಮೊದಲ ಸಲ ಸಮುದ್ರ ನೋಡಿದ್ದು ಹೀಗೆ. ಏನನ್ನಿಸ್ತು ಅಂತ ಕೇಳಿದೆ. "ಒಂದ ದಂಡಿ ಇಲ್ಲಲೋ ಇದಕ್ಕ" ಅಂದರು.

ಜೆಟ್ಟಿಯಲ್ಲಿ ಕೋಟೆಯ ದೋಣಿಗಳನ್ನೆಲ್ಲ ಕಟ್ಟಿಹಾಕಿದ್ದರು. ಅಲ್ಲೊಂದು ಗುಂಪು, ನನ್ನ ವಯಸ್ಸಿನವರೇ ಏಳೆಂಟು ಹುಡುಗರು, ದೋಣಿಯವನೊಬ್ಬನ ಜೊತೆ ವಾದಕ್ಕಿಳಿದಿದ್ದರು. ಬಿಸಿಲಿದೆ, ಗಾಳಿ ಇಲ್ಲ, ಕೋಟೆ ಇಲ್ಲೇ ಕಾಣ್ತಿದೆ, ಡಬಲ್ ದುಡ್ಡು ಕೊಡ್ತೀವಿ, ತ್ರಿಬಲ್ ಕೊಡ್ತೀವಿ. ದೋಣಿಯವನು ಆಗೋದಿಲ್ಲ ಅನ್ನುತ್ತಲೇ ಇದ್ದ, ಆದರೆ ಪ್ರತಿ ಸಲ ಸಮುದ್ರದ ಕಡೆ ಒಮ್ಮೆ ತಿರುಗಿ ನೋಡ್ತಿದ್ದ. ನಾನು ಅವನ ಆ ನೋಟವನ್ನೇ ಗಮನಿಸ್ತಿದ್ದೆ. ಮೂರು ಪಟ್ಟು ದುಡ್ಡು, ಖಾಲಿ ಹೋದ ದೀಪಾವಳಿ, ಎದುರಿಗೆ ಅರ್ಧ ಕಿ.ಮೀ. ನೀರು. ನಾವು ಪ್ರವಾಸಿಗಳು ಪ್ಲಾನ್ ಬದಲಾಯಿಸೋದಿಲ್ಲ ಅಂತ ಹಟ ಹಿಡಿದಾಗ ಆ ಭಾರ ನಮ್ಮ ಮೇಲೆ ಬೀಳೋದೇ ಇಲ್ಲ, ಬೇಡ ಅನ್ನಬೇಕಾದವನ ಮೇಲೆ ಬೀಳುತ್ತೆ. ಅವನು ಕೊನೆಗೂ ಬಿಡಲಿಲ್ಲ. ಹುಡುಗರು ಬೈದುಕೊಂಡು ಹೋದರು.

ಅಜ್ಜಿ ದಂಡೆಯಲ್ಲೇ ಮರಳಿನ ಮೇಲೆ ಕೂತು ಕೋಟೆಗೆ ಕೈಮುಗಿದಳು. ಬಹಳ ಹೊತ್ತು ಕೂತಿದ್ದಳು. ಒಂದು ಅಲೆ ಢಂ ಅಂತ ಬಂಡೆಗೆ ಬಡಿದಾಗ ನನ್ನ ಕಡೆ ತಿರುಗಿ, "ಮಹಾರಾಜ್ರು ಚಲೋ ಜಾಗಾನ ಹುಡುಕ್ಯಾರ" ಅಂದಳು. ಸಿಟ್ಟು ಸ್ವಲ್ಪ ಇಳಿದಿತ್ತು ಅಂತ ನಾನು ಅಂದುಕೊಂಡಿದ್ದೇನೆ.

ಮರುದಿನ ಕರ್ಲಿ ನದಿಯಲ್ಲಿ ದಾದಾ ಎರಡು ಗಂಟೆ ತಿರುಗಿಸಿದರು. ಅಪ್ಪ ಮುಂದೆ ಕೂತು ಪೂರ್ತಿ ಹೊತ್ತು ನೀರಿಗೆ ಕೈ ಇಳಿಬಿಟ್ಟಿದ್ದರು. ಸಂಜೆ ಬಲೆ ಹೊಲಿಯುತ್ತ ಕೂತ ದಾದಾ ಪಕ್ಕ ಕೂತು ಬೆಳೆ, ಬೆಲೆ, ಪರಿಹಾರ ಎಲ್ಲ ಮಾತಾಡಿದರು. ನೆರೆ ಪರಿಹಾರಕ್ಕೆ ಯಾವ್ಯಾವ ಕಾಗದ ಕೇಳ್ತಾರೆ ಅನ್ನೋದು ಇಬ್ಬರಿಗೂ ಬಹಳ ಇಷ್ಟದ ವಿಷಯ :) ಅವತ್ತು ರಾತ್ರಿಯೇ ದಾದಾ ಫೋನಿಗೆ ಮೆಸೇಜು ಬಂತು, ಲಕ್ಷದ್ವೀಪದ ಕಡೆ ಇನ್ನೊಂದು ಎದ್ದಿದೆ, ಹೆಸರು ಮಹಾ. ಒಂದು ಇನ್ನೂ ಸತ್ತಿಲ್ಲ, ಅರಬ್ಬೀ ಸಮುದ್ರದಲ್ಲಿ ಒಟ್ಟಿಗೆ ಎರಡು. ಆ ವರ್ಷ ಅಲ್ಲಿ ಒಟ್ಟು ಐದು ಚಂಡಮಾರುತ ಎದ್ದವು. ವಾಯು, ಹಿಕಾ, ಕ್ಯಾರ್, ಮಹಾ, ಪವನ್. ದಾದಾ ಏನೂ ಹೇಳದೆ ಎದ್ದು ದೋಣಿಯ ಹಗ್ಗ ಇನ್ನೊಂದು ಸುತ್ತು ಬಿಗಿದು ಬಂದರು. ನಾವು 31ಕ್ಕೆ ಹೊರಟೆವು.

ಮುಂದಿನ ಸಲ ಅನ್ನೋದು ಬರಲಿಲ್ಲ. ಜನವರಿಯಲ್ಲಿ ನನಗೆ ರಜೆ ಸಿಗಲಿಲ್ಲ. ಯುಗಾದಿಗೆ ಅಂದುಕೊಂಡರೆ 2020ರ ಮಾರ್ಚ್ ಲಾಕ್‌ಡೌನ್, ನಮ್ಮೂರ ನಾಕಾದಲ್ಲೇ ರಾಜ್ಯದ ಬಾಗಿಲು ಹಾಕಿದರು. 2021ರ ಮೇನಲ್ಲಿ ತೌಕ್ತೆ ಅದೇ ದಂಡೆಯ ಪಕ್ಕದಲ್ಲೇ ಹಾದು ಹೋಯ್ತು. ಮುಂಬಯಿಯಾಚೆ ತೈಲ ಕ್ಷೇತ್ರದಲ್ಲಿದ್ದ ಪಿ-305 ಬಾರ್ಜ್ ಮುಳುಗಿ ಎಪ್ಪತ್ತರಷ್ಟು ಜನ ಸತ್ತದ್ದು ಆಗಲೇ, ಎಚ್ಚರಿಕೆ ಬಂದ ಮೇಲೂ ಅದು ಅಲ್ಲೇ ಇತ್ತು. ಅಜ್ಜಿ 2022ರ ಚಳಿಗಾಲದಲ್ಲಿ ತೀರಿಕೊಂಡಳು. ಕೋಟೆಯ ಬಾವಿ ನೀರು ಕುಡಿಯಲಿಲ್ಲ.

ಅವತ್ತು ದೋಣಿ ಹತ್ತಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗೋದಿಲ್ಲ. ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ, ಅಜ್ಜಿಯ ಫೋಟೋ ಮುಂದೆ ನಿಂತಾಗ ಈಗಲೂ ಯೋಚಿಸ್ತೀನಿ. ಮತ್ತೆ ಅದೇ ಪಾಡ್ಯದ ಸಂಜೆ ಬಂದರೂ ಅದನ್ನೇ ಹೇಳ್ತೀನಿ. ಆದರೆ ಈ ಎರಡೂ ಮಾತು ಒಂದನ್ನೊಂದು ಅಳಿಸೋದಿಲ್ಲ.

2021ರ ಜುಲೈನಲ್ಲಿ ಯಮಗರ್ಣಿಯಲ್ಲಿ ಮತ್ತೆ ಹೆದ್ದಾರಿ ಮೇಲೆ ನೀರು ಬಂತು. ನಾನು ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದ್ದೆ. ಮಧ್ಯಾಹ್ನ ಅಪ್ಪನ ಫೋನ್ ರಿಂಗಾಯ್ತು, ಆ ಕಡೆ ದಾದಾ. ಟಿವಿಯಲ್ಲಿ ನಿಮ್ಮ ಕಡೆ ತೋರಿಸಿದರು, ನೀರು ಎಲ್ಲಿಯ ತನಕ ಬಂದಿದೆ, ಮನೆ ಎತ್ತರದಲ್ಲಿದೆಯಾ ಅಂತ. ತೌಕ್ತೆಯಲ್ಲಿ ಅವರ ಮಾಡಿನ ಹೆಂಚು ಹಾರಿಹೋಗಿ ಇನ್ನೂ ಎರಡು ತಿಂಗಳು ಆಗಿತ್ತು ಅಷ್ಟೇ. ಅಪ್ಪ ಅಂಗಳದಲ್ಲಿ ನಿಂತು, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ತಮ್ಮ ಮುರುಕು ಮರಾಠಿಯಲ್ಲಿ ಹೇಳ್ತಿದ್ದರು, ಇಲ್ಲಿ ಮಳೆ ನಿಂತಿದೆ ದಾದಾ, ಹೊಳೆ ಇನ್ನೂ ಏರುತ್ತೆ, ನಾಳೆ ಸಂಜೆ ಫೋನ್ ಮಾಡ್ತೀನಿ.